ಕಿರ್ದಿಯಲ್ಲಿ ಗೀಟೆಳೆದ ಸಾಲು: ಒರಾಕಲ್ ಬಿಟ್ಟು ಪೋಸ್ಟ್‌ಗ್ರೆಸ್ ಕಲಿತ ನನ್ನ ಅನುಭವ

ಹದಿನೇಳು ವರ್ಷ ಒರಾಕಲ್ ಡೇಟಾಬೇಸ್‌ಗಳನ್ನೇ ನೋಡಿಕೊಂಡವಳು ನಾನು. ಮೊದಲ ಹನ್ನೆರಡು ವರ್ಷ ಬೆಂಗಳೂರಿನಲ್ಲಿ, ಆಮೇಲೆ ಊರಿನ ಕಡೆ ಬಂದು ಶಿವಮೊಗ್ಗದಲ್ಲಿ. ಈಗಿರುವ ಸಣ್ಣ ಸಂಸ್ಥೆ ಅಡಿಕೆ ವಹಿವಾಟಿನ ಲೆಕ್ಕದ ಸಾಫ್ಟ್‌ವೇರ್ ಮಾಡುತ್ತದೆ. ಬೆಳೆಗಾರ ತಂದ ಮೂಟೆಯ ತೂಕ, ರಾಶಿಯೋ ಬೆಟ್ಟೆಯೋ ಸರಕೋ ಗೊರಬಲೋ ಎಂಬ ಅಡಿಕೆಯ ಬಗೆ, ಆ ದಿನದ ಧಾರಣೆ, ಕೊಟ್ಟ ಮುಂಗಡ, ಉಳಿದ ಬಾಕಿ, ಎಲ್ಲ ಅದರಲ್ಲಿ. ಲೈಸೆನ್ಸ್ ಮತ್ತು ಸಪೋರ್ಟಿನ ಖರ್ಚು ನಮ್ಮಂಥ ಸಂಸ್ಥೆಗೆ ಭಾರವಾಗಿ, ಎಲ್ಲವನ್ನೂ ಲೈಸೆನ್ಸ್ ಶುಲ್ಕವಿಲ್ಲದ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ಗೆ ಸಾಗಿಸೋಣ ಎಂದು ತೀರ್ಮಾನವಾಯಿತು. "ಡೇಟಾಬೇಸ್ ಅಂದ್ರೆ ಡೇಟಾಬೇಸೇ ಅಲ್ವಾ ಮೇಡಂ, ನಿಮಗೇನು ಕಷ್ಟ ಆಗಲ್ಲ" ಅಂದರು ಯಜಮಾನರು. ನನಗೂ ಹಾಗೇ ಅನ್ನಿಸಿತ್ತು.

ಶುರು ಮಾಡಿದ್ದು ಒಂದು ನೋಟ್‌ಬುಕ್ಕಿನಿಂದ. ನಡುವೆ ಗೆರೆ ಎಳೆದು ಎಡಕ್ಕೆ ಒರಾಕಲ್, ಬಲಕ್ಕೆ ಪೋಸ್ಟ್‌ಗ್ರೆಸ್, ಒಂದೇ ಕೆಲಸಕ್ಕೆ ಎರಡರಲ್ಲೂ ಏನು ಹೆಸರು ಎಂದು. ಎನ್‌ವಿಎಲ್ ಎಂದರೆ ಕೋಅಲೆಸ್, ರೋನಮ್ ಎಂದರೆ ಲಿಮಿಟ್, ಪೋರ್ಟ್ 1521 ಇದ್ದದ್ದು 5432. ಮೂರು ದಿನದಲ್ಲಿ ಆರು ಪುಟ ತುಂಬಿತು. ಅರ್ಧ ಕಲಿತಾಯಿತು ಅಂದುಕೊಂಡೆ. ಆ ಆರು ಪುಟದಲ್ಲಿ ತಪ್ಪೇನೂ ಇರಲಿಲ್ಲ, ಆದರೆ ಮುಂದೆ ನನ್ನನ್ನು ಎಡವಿಸಿದ ಒಂದು ವಿಷಯವೂ ಅದರಲ್ಲಿ ಇರಲಿಲ್ಲ. ಹೆಸರು ಬೇರೆ ಇರುವ ಕಡೆ ನಾನು ಎಚ್ಚರದಿಂದಿರುತ್ತಿದ್ದೆ. ಹೆಸರು ಒಂದೇ ಇದ್ದು ನಡತೆ ಬೇರೆ ಇರುವ ಕಡೆ ಕೈ ತಾನಾಗಿ ಹಳೆಯ ಜಾಡು ಹಿಡಿಯುತ್ತಿತ್ತು.

ಮೊದಲು ಸಿಕ್ಕಿಬಿದ್ದದ್ದು ಇನಿಷಿಯಲ್‌ನಲ್ಲಿ. ಪರೀಕ್ಷೆಗೆ ಡೇಟಾ ತುಂಬಿ ರಸೀದಿ ಮುದ್ರಿಸಿದೆವು. ಕೆಲವು ರಸೀದಿಯಲ್ಲಿ ಬೆಳೆಗಾರರ ಹೆಸರಿನ ಜಾಗ ಖಾಲಿ. ಟೇಬಲ್ ತೆಗೆದು ನೋಡಿದರೆ ಹೆಸರು ಸರಿಯಾಗಿಯೇ ಇದೆ. ಇನಿಷಿಯಲ್ ಇಲ್ಲದವರ ಹೆಸರು ಮಾತ್ರ ಮಾಯ. ಒರಾಕಲ್‌ನಲ್ಲಿ ಖಾಲಿ ಅಕ್ಷರಸರಣಿಯೂ ನಲ್, ಅಂದರೆ ಮಾಹಿತಿಯೇ ಇಲ್ಲ, ಎಂದೇ ಲೆಕ್ಕ. ನಲ್ ಜೊತೆ ಹೆಸರನ್ನು ಜೋಡಿಸಿದರೆ ಹೆಸರು ಹಾಗೇ ಉಳಿಯುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ನಲ್ ಬೇರೆ, ಖಾಲಿ ಬೇರೆ. ಎರಡು ಲಂಬಗೆರೆಯ ಚಿಹ್ನೆಯಿಂದ ನಲ್ ಜೊತೆ ಯಾವುದನ್ನು ಜೋಡಿಸಿದರೂ ಬರುವುದು ನಲ್. ಹಳೆಯ ಡೇಟಾದಲ್ಲಿ ಇನಿಷಿಯಲ್ ನಲ್ ಆಗಿ ಬಂದಿತ್ತು, ಹೊಸ ಪರದೆಯಿಂದ ಸೇರಿಸಿದವರದ್ದು ಖಾಲಿಯಾಗಿ ಸೇರುತ್ತಿತ್ತು. ಹಾಗಾಗಿ ಇನಿಷಿಯಲ್ ಇಲ್ಲದವರನ್ನು ಹುಡುಕು ಎಂದರೆ ಅರ್ಧ ಜನ ಮಾತ್ರ ಸಿಗುತ್ತಿದ್ದರು. ಜೋಡಣೆ ಇರುವ ಪ್ರತಿ ಕ್ವೆರಿಯನ್ನೂ (ಡೇಟಾಬೇಸಿಗೆ ಕೇಳುವ ಪ್ರಶ್ನೆಯನ್ನೂ) ಹುಡುಕಿ ಕಾನ್‌ಕ್ಯಾಟ್ ಫಂಕ್ಷನ್‌ಗೆ ಬದಲಾಯಿಸಿದೆವು, ಅದು ನಲ್ ಇದ್ದರೆ ಬಿಟ್ಟು ಮುಂದೆ ಹೋಗುತ್ತದೆ. ಇನಿಷಿಯಲ್ ಇಲ್ಲದಿದ್ದರೆ ಎಲ್ಲ ಕಡೆ ಒಂದೇ ರೀತಿ ಸೇರಲಿ ಎಂದು ಆ ಕಾಲಮ್ಮಿಗೆ ನಿಯಮ ಹಾಕಿದೆವು. ಹತ್ತು ದಿನ ಹಿಡಿಯಿತು.

ದಿನಾಂಕದ್ದೂ ಇದೇ ಕಥೆ. ಒರಾಕಲ್‌ನ ಡೇಟ್‌ನಲ್ಲಿ ಗಂಟೆ, ನಿಮಿಷ, ಸೆಕೆಂಡು ಇರುತ್ತದೆ. ಇಲ್ಲಿನ ಡೇಟ್‌ನಲ್ಲಿ ದಿನ ಮಾತ್ರ, ಸಮಯ ಬೇಕಾದರೆ ಟೈಮ್‌ಸ್ಟ್ಯಾಂಪ್. ಟೇಬಲ್‌ಗಳನ್ನು ಕೈಯಲ್ಲೇ ಬರೆಯುವಾಗ ಡೇಟ್ ಎಂದೇ ಇಟ್ಟಿದ್ದೆ. ತೂಕದ ಚೀಟಿಯ ಸಮಯವೆಲ್ಲ ಕಳೆದುಹೋಗಿ ಮತ್ತೆ ತುಂಬಬೇಕಾಯಿತು.

ಒಂದು ವಿಷಯ ಮಾತ್ರ ಬಹಳ ಖುಷಿ ಕೊಟ್ಟಿತು. ನಮ್ಮ ಹಳೆಯ ಟೇಬಲ್‌ಗಳಲ್ಲಿ ಊರಿನ ಹೆಸರಿಗೆ 30ರ ಮಿತಿ ಇತ್ತು. ಒರಾಕಲ್‌ನಲ್ಲಿ ಬೇರೆ ಹೇಳದಿದ್ದರೆ ಅದು 30 ಬೈಟ್. ಯುಟಿಎಫ್-8 ಎಂಬ ಅಕ್ಷರ ಸಂಕೇತ ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. 'ತೀರ್ಥಹಳ್ಳಿ' ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ. ಯಂತ್ರಕ್ಕೆ ದೀರ್ಘ, ವಿರಾಮ, ಒತ್ತು ಎಲ್ಲ ಸೇರಿ 10 ಸಂಕೇತ, ಸರಿಯಾಗಿ 30 ಬೈಟ್. ಅದರ ಮುಂದೆ 'ಪೇಟೆ' ಅಂತ ಸೇರಿಸಲೂ ಜಾಗವಿಲ್ಲ. ಹಾಗಾಗಿ ವರ್ಷಗಳಿಂದ ಊರಿನ ಹೆಸರುಗಳನ್ನು ಮೊಟಕು ಮಾಡಿ ಬರೆಯುತ್ತಿದ್ದರು. ಪೋಸ್ಟ್‌ಗ್ರೆಸ್‌ನಲ್ಲಿ 30 ಎಂದರೆ 30 ಸಂಕೇತ, ಬೈಟ್ ಅಲ್ಲ. ಸಾಗಣೆಯ ನೆಪದಲ್ಲಿ ಹಳ್ಳಿಗಳ ಪೂರ್ತಿ ಹೆಸರನ್ನು ಮತ್ತೆ ಕೂರಿಸಿದೆವು. 2014ರ ನವೆಂಬರಿನಲ್ಲಿ ನಮ್ಮೂರಿನ ಇಂಗ್ಲಿಷ್ ಹೆಸರು ಅಧಿಕೃತವಾಗಿ ಬದಲಾದ ಮೇಲೂ ಹಳೆಯ ಕಾಗುಣಿತ, ಹೊಸ ಕಾಗುಣಿತ ಎರಡೂ ಉಳಿದುಕೊಂಡಿದ್ದವು. ಅದನ್ನೂ ಆಗಲೇ ಸರಿಪಡಿಸಿದೆವು.

ಈಗ ನಾನು ನಿಜಕ್ಕೂ ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ.

ಮಳೆಗಾಲದಲ್ಲಿ ಭಾರ ಹಾಕಿ ಪರೀಕ್ಷೆ ಮಾಡುತ್ತಿದ್ದೆವು. ಸುಮಾರು 50 ಲಕ್ಷ ಸಾಲುಗಳ ವಹಿವಾಟಿನ ಟೇಬಲ್. ಬಾಕಿ ಮೊತ್ತವನ್ನು ಮತ್ತೆ ಮತ್ತೆ ಅಪ್‌ಡೇಟ್ ಮಾಡುವ ಕೆಲಸವನ್ನು ರಾತ್ರಿಯಿಡೀ ಓಡಿಸುವುದು. ನಡುವೆ ಆಟೋವ್ಯಾಕ್ಯೂಮ್ ಎಂಬ ಪ್ರಕ್ರಿಯೆ ಎದ್ದು ಡಿಸ್ಕನ್ನು ಎಳೆದಾಡುವುದು ಕಂಡಿತು. ಕೆಲಸದ ಹೊತ್ತಿನಲ್ಲಿ ಕಾಡುವ ಹಿನ್ನೆಲೆ ಕೆಲಸಗಳನ್ನು ನಿಲ್ಲಿಸಿ, ಬಿಡುವಿನ ಹೊತ್ತಿಗೆ ತಳ್ಳುವುದು ನನ್ನ ಹಳೆಯ ರೂಢಿ. ಇದನ್ನೂ ನಿಲ್ಲಿಸಿದೆ. ಎರಡು ದಿನ ಎಲ್ಲ ಚುರುಕಾಗಿತ್ತು. ಐದನೆಯ ದಿನಕ್ಕೆ ಟೇಬಲ್ ನಾಲ್ಕು ಪಟ್ಟು ಊದಿಕೊಂಡಿತ್ತು. ಸಾಲುಗಳ ಸಂಖ್ಯೆ ಮಾತ್ರ ಒಂದೂ ಹೆಚ್ಚಿಲ್ಲ.

ಆಫೀಸಿನಲ್ಲಿ ಹೊಸನಗರದ ಒಬ್ಬಳು ಹುಡುಗಿ ಇದ್ದಾಳೆ. ಒರಾಕಲ್ ಮುಟ್ಟಿದವಳಲ್ಲ, ಕಲಿತದ್ದೇ ಪೋಸ್ಟ್‌ಗ್ರೆಸ್. "ಮೇಡಂ, ಆಟೋವ್ಯಾಕ್ಯೂಮ್ ಆಫ್ ಇದೆ. ಯಾರು ಮಾಡಿದ್ದು?" ಎಂದು ಕೇಳಿದಳು. ನಾನೇ ಅಂದೆ. ಅವಳು ಏನೂ ಅನ್ನದೆ ಕುರ್ಚಿ ಎಳೆದುಕೊಂಡು ಕೂತು, ಒಂದು ಸಾಲನ್ನು ಅಪ್‌ಡೇಟ್ ಮಾಡಿ, ಅದರ ಎಕ್ಸ್‌ಮಿನ್, ಎಕ್ಸ್‌ಮ್ಯಾಕ್ಸ್ ಎಂಬ ಎರಡು ಗುಪ್ತ ಕಾಲಮ್‌ಗಳನ್ನು ತೋರಿಸಿದಳು. ಒಂದು, ಈ ಸಾಲನ್ನು ಬರೆದ ಟ್ರಾನ್ಸಾಕ್ಷನ್ನಿನ (ಒಟ್ಟಾಗಿ ನಡೆಯುವ ಒಂದು ಕೆಲಸದ) ಸಂಖ್ಯೆ. ಇನ್ನೊಂದು, ಅಳಿಸಿದ ಅಥವಾ ಬದಲಾಯಿಸಿದ ಟ್ರಾನ್ಸಾಕ್ಷನ್ನಿನದ್ದು.

ನೋಡುತ್ತಿದ್ದ ಹಾಗೆ ನನಗೆ ಅಪ್ಪಯ್ಯನ ಕಿರ್ದಿ ಪುಸ್ತಕ ನೆನಪಾಯಿತು. ಅವರು ಬಹಳ ವರ್ಷ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆದವರು. ಕಿರ್ದಿಯಲ್ಲಿ ತಪ್ಪಾದರೆ ಅಳಿಸುವಂತಿಲ್ಲ. ಆ ಸಾಲಿನ ಮೇಲೆ ಗೀಟೆಳೆದು, ಪಕ್ಕದಲ್ಲಿ ಸಣ್ಣ ಸಹಿ ಹಾಕಿ, ಸರಿಯಾದದ್ದನ್ನು ಕೆಳಗೆ ಹೊಸ ಸಾಲಾಗಿ ಬರೆಯಬೇಕು. ಹಳೆಯ ಸಾಲು ಅಲ್ಲೇ ಇರುತ್ತದೆ, ಪುಟದ ಜಾಗ ತಿನ್ನುತ್ತದೆ. ಪೋಸ್ಟ್‌ಗ್ರೆಸ್‌ನ ಅಪ್‌ಡೇಟ್ ಅಂದರೆ ಇದೇ. ಅದರ 8 ಕೆಬಿ ಪುಟದಲ್ಲಿ ಹಳೆಯ ಸಾಲಿಗೆ ಗೀಟು ಬೀಳುತ್ತದೆ, ಹೊಸ ಸಾಲು ಬೇರೆ ಜಾಗದಲ್ಲಿ ಕೂರುತ್ತದೆ. ಒರಾಕಲ್ ಹಾಗಲ್ಲ. ಅದು ಇದ್ದ ಜಾಗದಲ್ಲೇ ತಿದ್ದಿ ಬರೆದು, ಹಳೆಯದನ್ನು ಅನ್‌ಡೂ ಎಂಬ ಬೇರೆ ಕಡೆ ಎತ್ತಿಡುತ್ತದೆ. ಅಲ್ಲಿ ಹಳೆಯದು ಬೇಗ ಅಳಿಸಿಹೋದರೆ, ದೀರ್ಘ ಕ್ವೆರಿಗೆ ಓಆರ್‌ಎ-01555 ಎಂಬ ದೋಷ ಬರುತ್ತದೆ. ಹದಿನೇಳು ವರ್ಷ ಆ ದೋಷದ ಜೊತೆ ಗುದ್ದಾಡಿದವಳು ನಾನು. ಇಲ್ಲಿ ಆ ದೋಷವಿಲ್ಲ. ಅದಕ್ಕೆ ಬದಲಾಗಿ ಗೀಟೆಳೆದ ಸಾಲುಗಳ ರಾಶಿ ಇದೆ. ಆ ಜಾಗವನ್ನು ಮತ್ತೆ ಬರೆಯಲು ತೆರವು ಮಾಡುವುದೇ ವ್ಯಾಕ್ಯೂಮ್. ನಾನು ನಿಲ್ಲಿಸಿದ್ದು ಅದನ್ನು.

ಇದರ ಹಿನ್ನೆಲೆ ಓದಿದಾಗ ಇನ್ನಷ್ಟು ಅರ್ಥವಾಯಿತು. 1986ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಮುಂದಾಳತ್ವದಲ್ಲಿ ಶುರುವಾದ ಯೋಜನೆ ಇದು. ಹಳೆಯ ಸಾಲನ್ನು ಅಳಿಸದೆ ಉಳಿಸಿ, ಹಿಂದಿನ ಯಾವುದೋ ದಿನ ಲೆಕ್ಕ ಹೇಗಿತ್ತು ಎಂದು ಕೇಳಲು ಸಾಧ್ಯವಾಗಬೇಕು ಎಂಬುದು ಅದರ ಮೂಲ ವಿನ್ಯಾಸದಲ್ಲೇ ಇತ್ತು. ಆ ಸೌಲಭ್ಯವನ್ನು ಮುಂದೆ ತೆಗೆದುಹಾಕಿದರು. ಸಾಲನ್ನು ಉಳಿಸಿಕೊಂಡು ಹೊಸದನ್ನು ಬರೆಯುವ ಕ್ರಮ ಮಾತ್ರ ಉಳಿಯಿತು.

ಆಟೋವ್ಯಾಕ್ಯೂಮ್ ಮತ್ತೆ ಹಾಕಿದೆವು. ಆದರೂ ಸತ್ತ ಸಾಲುಗಳು, ಅಂದರೆ ಗೀಟು ಬಿದ್ದವು, ಕಡಿಮೆಯಾಗಲಿಲ್ಲ. ವ್ಯಾಕ್ಯೂಮ್ ಬಂದು ಹೋಗುತ್ತಿದೆ, ತೆಗೆಯುತ್ತಿಲ್ಲ. ಯಾವ ಸಂಪರ್ಕ ಏನು ಮಾಡುತ್ತಿದೆ ಎಂದು ತೋರಿಸುವ ಪಿಜಿ ಸ್ಟ್ಯಾಟ್ ಆಕ್ಟಿವಿಟಿಯಲ್ಲಿ ಹುಡುಕಿದಾಗ ಒಂದು ಸಂಪರ್ಕ ಬೆಳಗ್ಗೆ ಟ್ರಾನ್ಸಾಕ್ಷನ್ ತೆರೆದು ಸುಮ್ಮನೆ ಕೂತಿತ್ತು. ಯಾರೋ ಪರದೆ ತೆರೆದಿಟ್ಟು ಊಟಕ್ಕೆ ಹೋಗಿದ್ದರು. ಆ ಟ್ರಾನ್ಸಾಕ್ಷನ್ನಿಗೆ ಹಳೆಯ ಸಾಲು ಬೇಕಾಗಬಹುದು ಎಂಬ ಕಾರಣಕ್ಕೆ, ಅದು ಶುರುವಾದ ಮೇಲೆ ಗೀಟು ಬಿದ್ದ ಯಾವ ಸಾಲನ್ನೂ ವ್ಯಾಕ್ಯೂಮ್ ಮುಟ್ಟುವಂತಿಲ್ಲ. ಒಬ್ಬರ ಊಟದ ಹೊತ್ತು ಇಡೀ ಟೇಬಲ್ಲಿಗೆ ಭಾರ. ಈಗ ಹಾಗೆ ಸುಮ್ಮನೆ ಕೂತ ಸಂಪರ್ಕ ಹತ್ತು ನಿಮಿಷಕ್ಕೆ ತಾನಾಗಿ ಕಡಿದುಹೋಗುವಂತೆ ಮಿತಿ ಹಾಕಿದ್ದೇವೆ.

ಇನ್ನೊಂದು ಲೆಕ್ಕವನ್ನೂ ಕೈಯಲ್ಲೇ ಹಾಕಿ ನೋಡಿದೆ. ಮೂಲ ಸೆಟ್ಟಿಂಗ್‌ನಲ್ಲಿ ಟೇಬಲ್ಲಿನ ಶೇಕಡಾ 20ರಷ್ಟು ಸಾಲು, ಜೊತೆಗೆ 50, ಸತ್ತ ಮೇಲೆ ಆಟೋವ್ಯಾಕ್ಯೂಮ್ ಏಳುತ್ತದೆ. 50 ಲಕ್ಷದ ಟೇಬಲ್ಲಿಗೆ ಅಂದರೆ ಹತ್ತು ಲಕ್ಷ ಸಾಲು ಸಾಯುವವರೆಗೆ ಕಾಯುತ್ತದೆ. ಆ ಟೇಬಲ್ಲಿಗೆ ಮಾತ್ರ ಶೇಕಡಾ 2 ಎಂದು ಇಳಿಸಿದೆ. ಕಡಿಮೆ ಸಲ ಬರಲಿ ಎಂಬುದು ನನ್ನ ಮೊದಲ ಆಸೆಯಾಗಿತ್ತು. ಬೇಕಾಗಿದ್ದದ್ದು ಅದರ ತದ್ವಿರುದ್ಧ, ಹೆಚ್ಚು ಸಲ ಬಂದು ಸ್ವಲ್ಪ ಸ್ವಲ್ಪ ತೆಗೆಯುವುದು. ಊದಿದ ಟೇಬಲ್ಲನ್ನು ಕುಗ್ಗಿಸಲು ವ್ಯಾಕ್ಯೂಮ್ ಫುಲ್ ಓಡಿಸಬೇಕಾಯಿತು. ಅದು ಮುಗಿಯುವವರೆಗೆ ಟೇಬಲ್ಲನ್ನು ಓದಲೂ ಬಿಡುವುದಿಲ್ಲ, ಆದ್ದರಿಂದ ರಾತ್ರಿ ಮಾಡಿದೆವು.

ಮೆಮೊರಿಯಲ್ಲೂ ಹಳೆಯ ಜಾಡೇ. ಯಂತ್ರದ 16 ಜಿಬಿಯಲ್ಲಿ 12 ಜಿಬಿಯನ್ನು ಶೇರ್ಡ್ ಬಫರ್ಸ್‌ಗೆ, ಅಂದರೆ ಪೋಸ್ಟ್‌ಗ್ರೆಸ್ ತನಗಾಗಿಯೇ ಇಟ್ಟುಕೊಳ್ಳುವ ಮೆಮೊರಿಗೆ, ಕೊಟ್ಟಿದ್ದೆ. ಪೋಸ್ಟ್‌ಗ್ರೆಸ್ ಆಪರೇಟಿಂಗ್ ಸಿಸ್ಟಮ್ಮಿನ ಕ್ಯಾಶನ್ನೂ ನಂಬಿಕೊಂಡಿದೆ, ಕಾಲು ಭಾಗದಿಂದ ಶುರು ಮಾಡಿ ಎಂದು ಅದರ ಕೈಪಿಡಿಯೇ ಹೇಳುತ್ತದೆ. 4 ಜಿಬಿಗೆ ಇಳಿಸಿದ ಮೇಲೆ ಉಸಿರಾಡಿತು.

ಹಿಂಟ್ ಇಲ್ಲ ಎಂಬುದು ಮಾತ್ರ ನನ್ನನ್ನು ಬಹಳ ದಿನ ಕಾಡಿತು. ಒರಾಕಲ್‌ನಲ್ಲಿ ಕ್ವೆರಿ ಹಟ ಹಿಡಿದರೆ ಈ ಇಂಡೆಕ್ಸ್ ಬಳಸು ಎಂದು ಕ್ವೆರಿಯೊಳಗೇ ಬರೆದುಬಿಡುತ್ತಿದ್ದೆ. ಇಲ್ಲಿ ಮೂಲ ತಂತ್ರಾಂಶದಲ್ಲಿ ಅದಿಲ್ಲ. ತೀರ್ಥಹಳ್ಳಿ ತಾಲ್ಲೂಕು, ಆಗುಂಬೆ ಹೋಬಳಿ ಎಂದು ಕೇಳುವ ವರದಿ ಬಹಳ ನಿಧಾನವಿತ್ತು. ಅಂದಾಜನ್ನೂ ನಿಜವಾಗಿ ಬಂದದ್ದನ್ನೂ ತೋರಿಸುವ ಎಕ್ಸ್‌ಪ್ಲೇನ್ ಅನಲೈಸ್ ಹಾಕಿ ನೋಡಿದರೆ ಪೋಸ್ಟ್‌ಗ್ರೆಸ್ ಅಂದಾಜಿಸಿದ್ದು ಸುಮಾರು 12,500 ಸಾಲು, ಬಂದದ್ದು 1,25,000. ಕಾರಣ ಸರಳ. ತಾಲ್ಲೂಕಿನದ್ದು ಹತ್ತರಲ್ಲಿ ಒಂದು, ಹೋಬಳಿಯದ್ದು ನಲವತ್ತರಲ್ಲಿ ಒಂದು, ಎರಡನ್ನೂ ಗುಣಿಸಿ ನಾನೂರರಲ್ಲಿ ಒಂದು ಎಂದುಕೊಂಡಿದೆ. ಆಗುಂಬೆ ಹೋಬಳಿ ಇರುವುದೇ ತೀರ್ಥಹಳ್ಳಿಯಲ್ಲಿ ಎಂದು ಅದಕ್ಕೆ ಗೊತ್ತಿಲ್ಲ. ಕ್ರಿಯೇಟ್ ಸ್ಟ್ಯಾಟಿಸ್ಟಿಕ್ಸ್‌ನಿಂದ ಈ ಎರಡು ಕಾಲಮ್ಮಿಗೂ ನಂಟಿದೆ ಎಂದು ತಿಳಿಸಿ, ಅನಲೈಸ್ ಮಾಡಿದೆ. ಅಂದಾಜು ಸರಿಹೋಯಿತು, ವರದಿಯೂ ಬೇಗ ಬಂತು. ಹಿಂಟ್ ಇದ್ದಿದ್ದರೆ ನಾನು ಇಷ್ಟು ಆಳಕ್ಕೆ ನೋಡುತ್ತಲೇ ಇರಲಿಲ್ಲ.

ಹಳೆಯ ಅನುಭವ ಅಡ್ಡಿಯಾದದ್ದನ್ನೇ ಹೇಳುತ್ತಾ ಬಂದೆ. ಅದು ಕೈ ಹಿಡಿದದ್ದು ಬ್ಯಾಕಪ್‌ನಲ್ಲಿ. ಬ್ಯಾಕಪ್ ತೆಗೆಯುವುದಕ್ಕಿಂತ ಮರಳಿ ನಿಲ್ಲಿಸುವುದನ್ನು ಮೊದಲು ಕಲಿಯಬೇಕು ಎಂದು ಹಳೆಯ ಪೆಟ್ಟುಗಳಿಂದ ಗೊತ್ತಿತ್ತು. ಬೇಸ್ ಬ್ಯಾಕಪ್ ಎಂಬ ಪೂರ್ತಿ ಪ್ರತಿ, ಅದರ ಮೇಲೆ ಪ್ರತಿ ಬದಲಾವಣೆಯನ್ನೂ ಬರೆದಿಡುವ ವಾಲ್ ಕಡತಗಳು, ಬೇಕಾದ ಹೊತ್ತಿನವರೆಗೆ ಮಾತ್ರ ಮರಳಿಸುವುದು, ಇಷ್ಟನ್ನೂ ಮೊದಲ ತಿಂಗಳಲ್ಲೇ ಬೇರೆ ಯಂತ್ರದಲ್ಲಿ ಹನ್ನೆರಡು ಸಲ ಮಾಡಿದ್ದೆ.

ಜುಲೈನಲ್ಲಿ ಅದರ ಅಗತ್ಯ ಬಂತು. ಗಾಳಿ ಮಳೆಗೆ ಮರ ಬಿದ್ದು, ವಾಲ್ ಕಡತಗಳ ಪ್ರತಿ ಹೋಗುವ ದೂರದ ಯಂತ್ರದ ಲೈನ್ ಎರಡು ದಿನ ಕಡಿದುಹೋಗಿತ್ತು. ಪ್ರತಿ ಸುರಕ್ಷಿತವಾಗಿ ತಲುಪಿತು ಎಂದು ಆರ್ಕೈವ್ ಕಮಾಂಡ್ ಹೇಳುವವರೆಗೆ ಪೋಸ್ಟ್‌ಗ್ರೆಸ್ ಆ 16 ಎಂಬಿ ಕಡತವನ್ನು ಬಿಡುವುದಿಲ್ಲ. ಒಂದೊಂದೇ ಸೇರಿ ಸಾವಿರ ದಾಟಿದವು, ಅಂದರೆ ಸುಮಾರು 16 ಜಿಬಿ. ಡಿಸ್ಕ್ ತುಂಬಿದರೆ ಡೇಟಾಬೇಸ್ ನಿಲ್ಲುತ್ತದೆ. ಹಳೆಯ ಕಡತಗಳನ್ನು ಅಳಿಸಿಬಿಡಿ ಎಂದು ಒಬ್ಬರು ಫೋನಿನಲ್ಲಿ ಹೇಳಿದರು. ಒರಾಕಲ್‌ನಲ್ಲಿ ಆರ್ಕೈವ್ ಲಾಗ್ ಜಾಗ ತುಂಬಿ ಎಲ್ಲ ನಿಂತ ರಾತ್ರಿಗಳನ್ನು ನಾನು ಕಂಡಿದ್ದೆ, ಅಲ್ಲಿ ಆತುರಕ್ಕೆ ಕೈ ಹಾಕಿ ಕೆಟ್ಟದ್ದನ್ನೂ ಕಂಡಿದ್ದೆ. ವಾಲ್ ಕಡತಗಳಿರುವ ಪಿಜಿ ವಾಲ್ ಫೋಲ್ಡರಿನ ಕಡತವನ್ನು ಕೈಯಿಂದ ಮುಟ್ಟಬಾರದು ಅಂದೆ. ಪಕ್ಕದ ಕೋಣೆಯ ಯಂತ್ರಕ್ಕೆ ಆರ್ಕೈವ್ ಕಮಾಂಡ್ ತಿರುಗಿಸಿ, ಸೆಟ್ಟಿಂಗ್ ಮರುಓದಿಸಿದೆವು. ಕಡತಗಳು ಒಂದೊಂದಾಗಿ ಅಲ್ಲಿಗೆ ಹರಿದವು, ಇಲ್ಲಿ ಜಾಗ ತೆರವಾಯಿತು.

ಅದೇ ರಾತ್ರಿ, ಆ ಪಕ್ಕದ ಯಂತ್ರದಲ್ಲಿರುವುದರಿಂದಲೇ ಡೇಟಾಬೇಸನ್ನು ಪೂರ್ತಿ ಎಬ್ಬಿಸಿ ನೋಡೋಣ ಎಂದು ಕೂತೆವು. ಯುಪಿಎಸ್ ಮೇಲೆ ಎರಡು ಯಂತ್ರ, ಮೊಬೈಲ್ ಬೆಳಕಿನಲ್ಲಿ ನಾನು ಮತ್ತು ಆ ಹೊಸನಗರದ ಹುಡುಗಿ. ಸಂಜೆ ಐದು ಗಂಟೆಯ ಸ್ಥಿತಿಗೆ ಮರಳಿಸು ಎಂದು ಕೊಟ್ಟೆವು. ನಲವತ್ತು ನಿಮಿಷದ ನಂತರ ಎದ್ದಿತು. ಐದು ಗಂಟೆಗೆ ಮುದ್ರಿಸಿ ಇಟ್ಟಿದ್ದ ದಿನದ ಮೊತ್ತದ ಹಾಳೆ ಅವಳ ಕೈಯಲ್ಲಿತ್ತು. ನಾನು ಪರದೆ ನೋಡಿ ಓದುತ್ತಾ ಹೋದೆ, ರಾಶಿ, ಬೆಟ್ಟೆ, ಸರಕು, ಗೊರಬಲು. ಅವಳು ಒಂದೊಂದರ ಮುಂದೂ ಪೆನ್ಸಿಲಿನಲ್ಲಿ ಗುರುತು ಹಾಕಿದಳು. ನಾಲ್ಕೂ ಮೊತ್ತಗಳು ಪೈಸೆ ಸಮೇತ ತಾಳೆಯಾದವು.