ಹಳೆಯ ಕಾರು ಪೆಟ್ರೋಲ್ ಜಾಸ್ತಿ ಕುಡಿಯುತ್ತಿದೆಯೇ? ಸ್ಕ್ರೂ ತಿರುಗಿಸುವ ಮುನ್ನ ಇಷ್ಟು ನೋಡಿ

ಸೈಲೆನ್ಸರ್‌ನಿಂದ ಕಪ್ಪು ಹೊಗೆ, ಸುತ್ತಲೂ ಪೆಟ್ರೋಲ್ ವಾಸನೆ, ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದಿದ್ದಾಗ, ತಡವರಿಸುವ ಎಂಜಿನ್. ಗಾಳಿ, ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಇರುವ ಹಳೆಯ ಕಾರಿನಲ್ಲಿ ಈ ಮೂರೂ ಒಟ್ಟಿಗೆ ಕಂಡರೆ ಮಿಶ್ರಣ ರಿಚ್ ಆಗಿರುವ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿಯಾಗಿರುವ, ಸಾಧ್ಯತೆಯೇ ಹೆಚ್ಚು. ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಅಷ್ಟು ಗಾಳಿ ಸಿಗದಿದ್ದರೆ ಉಳಿದದ್ದು ಮಸಿಯಾಗುತ್ತದೆ.

ಆಗ ಬಹಳ ಮಂದಿ ನೇರವಾಗಿ ಮಿಶ್ರಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂಗೆ ಕೈ ಹಾಕುತ್ತಾರೆ. ದಯವಿಟ್ಟು ಬೇಡ. ಬಹುತೇಕ ಕಾರ್ಬ್ಯುರೇಟರ್‌ಗಳಲ್ಲಿ ಆ ಸ್ಕ್ರೂ ಐಡ್ಲಿಂಗ್‌ಗೆ ಮಾತ್ರ ಸಂಬಂಧಿಸಿದ್ದು. ಬೇರೆಡೆ ಇರುವ ದೋಷವನ್ನು ಅದು ಮರೆಮಾಚಬಹುದು, ಸರಿಪಡಿಸಲಾರದು.

ಮೊದಲು ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ. ತುದಿ ತಿಳಿ ಕಂದು ಬಣ್ಣವಿದ್ದರೆ ಎಲ್ಲ ಸರಿ ಇದೆ. ಒಣ ಕಪ್ಪು ಮಸಿ ಇದ್ದರೆ ರಿಚ್. ಜಿಡ್ಡುಜಿಡ್ಡಾಗಿದ್ದರೆ ಅದು ಎಂಜಿನ್ ಆಯಿಲ್‌ನದು, ಅದರ ಚಿಕಿತ್ಸೆಯೇ ಬೇರೆ. ಕಿಡಿ ದುರ್ಬಲವಾಗಿದ್ದರೂ ಪ್ಲಗ್ ಕಪ್ಪಾಗುವುದರಿಂದ ಪಾಯಿಂಟ್ (ಕಿಡಿಗಾಗಿ ವಿದ್ಯುತ್ ಕಡಿದು ಕೂಡಿಸುವ ಸಂಪರ್ಕ) ಮತ್ತು ಟೈಮಿಂಗ್ (ಕಿಡಿ ಹಾರುವ ಸಮಯ) ನೋಡಿಯೇ ಮುಂದುವರಿಯಿರಿ.

ಏರ್ ಫಿಲ್ಟರ್ ತೆಗೆದು ಎಂಜಿನ್ ಚಾಲೂ ಮಾಡಿ. ಬ್ಯಾಕ್‌ಫೈರ್ ಆದರೆ, ಅಂದರೆ ಎಂಜಿನ್ ಹಿಮ್ಮುಖವಾಗಿ ಉರಿ ಉಗುಳಿದರೆ, ಬೆಂಕಿ ಮೇಲೆ ಹಾರುತ್ತದೆ, ಮುಖ ದೂರವಿರಲಿ. ಓಟ ಸುಧಾರಿಸಿದರೆ ಫಿಲ್ಟರ್ ಕಟ್ಟಿಕೊಂಡಿದೆ ಎಂದರ್ಥ. ಎಂಜಿನ್ ಬಿಸಿಯಾದ ಮೇಲೆ ಚೋಕ್ ಮುಚ್ಚಳ (ತಣ್ಣನೆಯ ಎಂಜಿನ್ ಚಾಲೂ ಮಾಡುವಾಗ ಗಾಳಿ ತಡೆಯುವಂಥದ್ದು) ಪೂರ್ತಿ ತೆರೆದಿರಬೇಕು. ಎಸ್‌ಯು ಎಂಬ ಮಾದರಿಯ ಕಾರ್ಬ್ಯುರೇಟರ್‌ನಲ್ಲಿ ಈ ಮುಚ್ಚಳ ಇರುವುದಿಲ್ಲ. ಚೋಕ್ ಎಳೆದಾಗ ಕೆಳಗಿಳಿಯುವ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ರಂಧ್ರದ ನಳಿಕೆ), ಬಿಟ್ಟಾಗ ಮೇಲಕ್ಕೆ ಮರಳುತ್ತಿದೆಯೇ ನೋಡಿ.

ಇಷ್ಟಕ್ಕೂ ಬಗ್ಗದಿದ್ದರೆ ಫ್ಲೋಟ್, ಅಂದರೆ ಕಾರ್ಬ್ಯುರೇಟರ್‌ನೊಳಗೆ ಪೆಟ್ರೋಲ್ ಮೇಲೆ ತೇಲುತ್ತ ಅದರ ಮಟ್ಟ ಕಾಯುವ ಬುರುಡೆ, ನೋಡಬೇಕು. ನನ್ನ ಅನುಮಾನ ಹೆಚ್ಚಾಗಿ ಇದರ ಮೇಲೆಯೇ. ಎಂಜಿನ್ ತಣ್ಣಗಾಗಲಿ, ಬ್ಯಾಟರಿ ಕಳಚಿ, ಬೆಂಕಿ ಆರಿಸುವ ಸಿಲಿಂಡರ್ ಹತ್ತಿರವಿಟ್ಟುಕೊಳ್ಳಿ. ಫ್ಲೋಟ್ ಹೊರತೆಗೆದು ಕಿವಿಯ ಬಳಿ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕಿದರೆ ತೂತಾಗಿದೆ. ಹಿತ್ತಾಳೆಯದಾದರೆ ಬೇರೆಡೆ ಕಾಯಿಸಿ ತಂದ ಬಿಸಿನೀರಲ್ಲಿ ಮುಳುಗಿಸಿ, ಗುಳ್ಳೆ ಏಳುವ ಜಾಗವೇ ತೂತು. ತೂತಾದ ಫ್ಲೋಟ್ ತೇಲದು, ಒಳಬರುವ ಪೆಟ್ರೋಲ್ ತಡೆಯುವ ನೀಡಲ್ ವಾಲ್ವ್ ಮುಚ್ಚದು, ಪೆಟ್ರೋಲ್ ಮಟ್ಟ ಏರುತ್ತಲೇ ಹೋಗುತ್ತದೆ. ವಾಲ್ವಿನ ತುದಿಯಲ್ಲಿ ಸವೆದ ಗೆರೆಯಿದ್ದರೂ, ಕಸದ ಕಣ ಸಿಕ್ಕಿಕೊಂಡಿದ್ದರೂ ಇದೇ ಪಾಡು. ಹೊಸದಾಗಿ ಎಲೆಕ್ಟ್ರಿಕ್ ಪಂಪ್ ಹಾಕಿಸಿದ್ದರೆ ಅದರ ಒತ್ತಡವನ್ನೂ ಅಳೆಯಿರಿ, ಅತಿಯಾದ ಒತ್ತಡ ಒಳ್ಳೆಯ ವಾಲ್ವನ್ನೂ ತಳ್ಳಿಬಿಡುತ್ತದೆ. ಫ್ಲೋಟ್ ಎತ್ತರವನ್ನು ಕಾರಿನ ಮ್ಯಾನುಯಲ್‌ನ ಅಳತೆಗೆ ಕೂರಿಸಿ.

ಜೆಟ್‌ಗಳನ್ನು ಕಾರ್ಬ್ಯುರೇಟರ್ ಕ್ಲೀನರ್‌ನಿಂದ ತೊಳೆದು ಗಾಳಿ ಹೊಡೆಯಿರಿ. ತಂತಿ ತೂರಿಸಬೇಡಿ, ಮೆತ್ತನೆಯ ಹಿತ್ತಾಳೆಯ ರಂಧ್ರ ಹಿಗ್ಗಿದರೆ ರಿಚ್ ಇನ್ನೂ ಹೆಚ್ಚುತ್ತದೆ. ಗಾಳಿಯ ಜೆಟ್ ಕಟ್ಟಿಕೊಂಡರೂ ರಿಚ್ ಆಗುತ್ತದೆ, ಅದನ್ನು ಮರೆಯುವವರೇ ಹೆಚ್ಚು.

ಈಗ ಮಿಶ್ರಣ ಹೊಂದಿಸಬಹುದು, ಎಂಜಿನ್ ಬಿಸಿಯಿದ್ದಾಗ ಮಾತ್ರ. ಎಸ್‌ಯು ಇದ್ದರೆ ಕಾರ್ಬ್ಯುರೇಟರ್‌ನೊಳಗಿನ ಪಿಸ್ಟನ್ನನ್ನು (ಎಂಜಿನ್‌ನದಲ್ಲ) ಒಂದು ಮಿಲಿಮೀಟರ್‌ಗಿಂತ ಕಡಿಮೆ ಎತ್ತಿ. ಎಂಜಿನ್ ವೇಗ ಏರಿ ಅಲ್ಲೇ ನಿಂತರೆ ಇನ್ನೂ ರಿಚ್. ತುಸು ಏರಿ ಮತ್ತೆ ಇಳಿದರೆ ಸರಿಯಾಗಿದೆ. ಎಂಜಿನ್ ಮುಗ್ಗರಿಸಿದರೆ ಪೆಟ್ರೋಲ್ ಕಡಿಮೆಯಾಗಿದೆ.

ಕೊನೆಗೆ ಎಂಜಿನ್ ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಮೂಸಿ. ಪೆಟ್ರೋಲ್ ವಾಸನೆ ಬಂದರೆ ಆಯಿಲ್ ತೆಳುವಾಗಿ ಬೇರಿಂಗ್‌ಗಳನ್ನು ಕಾಯುವ ಶಕ್ತಿ ಕಳೆದುಕೊಂಡಿರುತ್ತದೆ. ಅದನ್ನು ಬದಲಿಸದೆ ಕಾರು ಓಡಿಸಬೇಡಿ.