ಕ್ಯಾಶುವಾಲ್ಟಿಯಲ್ಲಿ ಎರಡು ಪ್ರಶ್ನೆ: ನನ್ನ ಅನುಭವ

ಎದೆನೋವು, ಉಸಿರು ಕಟ್ಟುತ್ತಿದೆ, ಕೈಕಾಲು ಜುಮ್ ಅನ್ನುತ್ತಿದೆ ಎಂದು ರಾತ್ರಿ ಬರುವವರನ್ನು ನೀವೂ ನೋಡಿರುತ್ತೀರಿ. ಇಸಿಜಿ ಸರಿ, ಟ್ರೋಪೋನಿನ್ (ಹೃದಯಕ್ಕೆ ಪೆಟ್ಟಾಗಿದೆಯೇ ಎಂದು ನೋಡುವ ರಕ್ತ ಪರೀಕ್ಷೆ) ಸರಿ. 'ಏನೂ ಇಲ್ಲ, ಗ್ಯಾಸ್' ಎಂದು ಇಂಜೆಕ್ಷನ್ ಕೊಟ್ಟು ಕಳಿಸುತ್ತೇವೆ. ಹದಿನೈದು ದಿನಕ್ಕೆ ಮತ್ತೆ ಹಾಜರ್. ಅಷ್ಟರಲ್ಲಿ ಹೊರಗೆ ಎಕೋ, ಎಂಡೋಸ್ಕೋಪಿ ಅಂತ ಐದಾರು ಸಾವಿರ ಕಳೆದುಕೊಂಡಿರುತ್ತಾರೆ. ಇಂಥವರ ಮನಸ್ಸಿನ ಬಗ್ಗೆಯೂ ಕೇಳೋಣ ಎಂದು ನಾನು ಅಂದಾಗ 'ಇಲ್ಲಿ ಹೊಲಿಗೆ ಹಾಕೋಕೇ ಟೈಮಿಲ್ಲ' ಅಂದವರೇ ಜಾಸ್ತಿ. ಈಗ ಸುಮಾರು ಎರಡು ವರ್ಷದಿಂದ ಹೀಗೆ ಕೇಳುವುದು ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ನಡೆಯುತ್ತಿದೆ.

ಮೊದಲು ಪಿಎಚ್‌ಕ್ಯೂ-9 (ಖಿನ್ನತೆ ಇದೆಯೇ ಎಂದು ನೋಡುವ ಒಂಬತ್ತು ಪ್ರಶ್ನೆಗಳ ಹಾಳೆ) ಕನ್ನಡದಲ್ಲಿ ಪ್ರಿಂಟ್ ಹಾಕಿಸಿದೆ, ಕೈಯಿಂದ ಎರಡು ಸಾವಿರದಷ್ಟು ಹೋಯಿತು. ಗಂಡನೋ ಅತ್ತೆಯೋ ಟಿಕ್ ಹಾಕಿ ಕೊಡುತ್ತಿದ್ದರು, ಎಲ್ಲದಕ್ಕೂ 'ಇಲ್ಲ'. ಹಾಳೆ ಬಿಟ್ಟು ಮೊದಲ ಎರಡು ಪ್ರಶ್ನೆ (ಯಾವುದರಲ್ಲೂ ಆಸಕ್ತಿ ಇಲ್ಲವಾ, ಮನಸ್ಸು ಕುಗ್ಗಿದೆಯಾ) ಬಾಯಲ್ಲೇ ಕೇಳತೊಡಗಿದೆ. ಈ ಎರಡರಲ್ಲಿ 6ಕ್ಕೆ 3 ಅಥವಾ ಹೆಚ್ಚು ಅಂಕ ಬಂದರೆ ಉಳಿದ ಏಳನ್ನೂ ಕೇಳುತ್ತೇನೆ. ಸಾಯಬೇಕು ಅನ್ನಿಸಿದೆಯಾ ಎಂದು ಮಾತ್ರ ಅಂಕ ಎಷ್ಟೇ ಇರಲಿ ನೇರವಾಗಿ ಕೇಳುತ್ತೇನೆ. ಕೇಳಿದರೆ ಆ ಯೋಚನೆ ನಾವೇ ತಲೆಗೆ ಹಾಕಿದಂತೆ ಎಂಬ ಭಯ ಬಿಡಿ, ಹಾಗಾಗಲ್ಲ. ರೋಗಿಯ ಕಡೆಯವರನ್ನು ಜಗಳವಿಲ್ಲದೆ ಹೊರಗೆ ಕಳಿಸುವ ಉಪಾಯ ಒಂದಿದೆ, ಅದನ್ನು ಇಲ್ಲಿ ಬರೆಯಲ್ಲ. ಎಲ್ಲರಿಗೂ ಗೊತ್ತಾದರೆ ನಡೆಯಲ್ಲ.

ವಿಷ ಕುಡಿದು ಬಂದವರದು ಬೇರೆ ಕಷ್ಟ. ವಿಷಕ್ಕೆ ಕೊಡುವ ಅಟ್ರೋಪಿನ್ ಔಷಧಿ ನಿಲ್ಲಿಸಿ ವಾರ್ಡಿಗೆ ಹೋದ ಮೇಲೂ 'ಕೆಮ್ಮಿನ ಔಷಧಿ ಅಂದ್ಕೊಂಡು ಕುಡಿದೆ' ಅನ್ನುತ್ತಾರೆ. ಪೊಲೀಸ್ ಹೆದರಿಕೆ. ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ಆಸ್ಪತ್ರೆ ದಾಖಲೆ) ಮಾಡಲೇಬೇಕು ನಿಜ, ಆದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ನೀವು ತೀವ್ರ ಒತ್ತಡದಲ್ಲಿದ್ದಿರಿ ಎಂದೇ ಸರ್ಕಾರ ನೋಡಬೇಕು ಎಂದು ಮೊದಲೇ ಬಿಡಿಸಿ ಹೇಳತೊಡಗಿದ ಮೇಲೆ ಅರ್ಧಕ್ಕಿಂತ ಹೆಚ್ಚು ಜನ ಬಾಯಿ ಬಿಟ್ಟಿದ್ದಾರೆ.

ಇದರ ಮಧ್ಯೆ ಇನ್ನೊಂದು ಮಾಡಿ ನೋಡಿದೆ. ಕಾಲು ಮುರಿದು ಬಂದವರ ಕೇಸ್ ಶೀಟಿನಲ್ಲೂ 'ಕೊನೆಯ ಸಲ ಮದ್ಯ ಕುಡಿದದ್ದು ಯಾವಾಗ' ಎಂದು ಕೆಂಪು ಪೆನ್ನಿನಲ್ಲಿ ಬರೆಸಿದೆ. ಕುಡಿತ ಒಮ್ಮೆಲೇ ನಿಂತು ಮೂರನೇ ದಿನ ನಡುಗುತ್ತಾ, ಇಲ್ಲದ್ದನ್ನು ಕಂಡು ಕೂಗಾಡುವವರು ಬಹಳ ಕಡಿಮೆಯಾದರು. ಅದಕ್ಕೆ ಕೊಡುವ ಲೊರಾಜೆಪಾಮ್, ಥಯಾಮಿನ್ ಮೊದಲೇ ಶುರುವಾಗುತ್ತಿತ್ತಲ್ಲ.

ಮನೋವೈದ್ಯರಿಗೆ ತೋರಿಸಿ ಎಂದು ಜಿಲ್ಲಾಸ್ಪತ್ರೆಗೆ ಚೀಟಿ ಬರೆದರೆ ಹೋಗುವವರು ಹತ್ತರಲ್ಲಿ ಒಬ್ಬರೋ ಇಬ್ಬರೋ. ಬಸ್ ಚಾರ್ಜು, ಒಂದು ದಿನದ ಕೂಲಿ ಸೇರಿ ಏಳೆಂಟು ನೂರು ಯಾರು ಕೊಡುತ್ತಾರೆ? ಈಗ ಬೆಡ್ ಪಕ್ಕದಿಂದಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಹಚ್ಚಿ ಕೊಡುತ್ತೇನೆ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ವಾರದ ನಂತರ ನಮ್ಮ ಸಿಸ್ಟರ್ ಫೋನ್ ಮಾಡುತ್ತಾರೆ. ವಾಟ್ಸಾಪ್ ಮೆಸೇಜ್ ನಡೆಯಲಿಲ್ಲ, ಮೊಬೈಲ್ ಗಂಡನ ಕೈಯಲ್ಲಿರುತ್ತೆ. ಅಂದು ಟೈಮಿಲ್ಲ ಅಂದ ಹಿರಿಯ ಡಾಕ್ಟರೇ ಈಗ ನನ್ನ ಡ್ಯೂಟಿ ಯಾವಾಗ ಎಂದು ನೋಡಿಕೊಂಡು ರೋಗಿಗಳನ್ನು ಕಳಿಸುತ್ತಾರೆ.

ಒಂದು ಮಾತು. ಇಸಿಜಿ, ಶುಗರ್ ನೋಡದೆ ಯಾರ ಶೀಟಿನಲ್ಲೂ 'ಆತಂಕ' ಎಂದು ಬರೆಯಬೇಡಿ. ಸಕ್ಕರೆ ಇಳಿದವರೂ, ಥೈರಾಯ್ಡ್ ಜಾಸ್ತಿಯಾದವರೂ ಹೀಗೇ ಬೆವರುತ್ತಾ ಬರುತ್ತಾರೆ.