ಮೀಡಿಯಾ ಕನ್ವರ್ಟರ್ ಅಳವಡಿಸುವವರಿಗೆ ಒಂದು ಸಲಹೆ

ಫೈಬರ್ ಮೀಡಿಯಾ ಕನ್ವರ್ಟರ್‌ನ (ತಾಮ್ರದ ನೆಟ್‌ವರ್ಕ್ ಕೇಬಲನ್ನು ಆಪ್ಟಿಕಲ್ ಫೈಬರ್‌ಗೆ ಬೆಸೆಯುವ ಸಾಧನ) ದೀಪಗಳೆಲ್ಲ ಹಸಿರಾಗಿದ್ದು, ಪಿಂಗ್ (ಸಂಪರ್ಕ ಪರೀಕ್ಷೆಯ ಉತ್ತರ) ಕೂಡ ಸರಿಯಾಗಿ ಬರುತ್ತಿದ್ದು, ದೊಡ್ಡ ಫೈಲ್ ಕಳುಹಿಸುವಾಗ ಮಾತ್ರ ವೇಗ ಕುಸಿಯುತ್ತಿದ್ದರೆ, ಫೈಬರ್ ಅನ್ನು ದೂರುವ ಮೊದಲು ತಾಮ್ರದ ಬದಿಯ ಡ್ಯೂಪ್ಲೆಕ್ಸ್ ಪರಿಶೀಲಿಸಿ (ಫುಲ್ ಎಂದರೆ ಏಕಕಾಲದಲ್ಲಿ ಕಳುಹಿಸಿ ಸ್ವೀಕರಿಸುವುದು, ಹಾಫ್ ಎಂದರೆ ಒಮ್ಮೆಗೆ ಒಂದನ್ನೇ ಮಾಡುವುದು). ಒಂದು ತುದಿಯನ್ನು 100 ಎಂಬಿಪಿಎಸ್ ಫುಲ್ ಡ್ಯೂಪ್ಲೆಕ್ಸ್‌ಗೆ ಕಡ್ಡಾಯವಾಗಿ ನಿಗದಿಪಡಿಸಿ ಇನ್ನೊಂದನ್ನು ಆಟೋದಲ್ಲಿ (ಎದುರಿನ ಸಾಧನದೊಂದಿಗೆ ತಾನೇ ಹೊಂದಿಸಿಕೊಳ್ಳುವ ಸ್ಥಿತಿಯಲ್ಲಿ) ಬಿಟ್ಟರೆ, ಆಟೋ ಬದಿಯು ವೇಗವನ್ನು ಗುರುತಿಸಿದರೂ ಡ್ಯೂಪ್ಲೆಕ್ಸ್ ತಿಳಿಯದೆ ಹಾಫ್‌ಗೆ ಇಳಿಯುತ್ತದೆ. ಸ್ವಿಚ್‌ನ ಅಂಕಿಅಂಶಗಳಲ್ಲಿ ಲೇಟ್ ಕೊಲಿಶನ್ (ತಡವಾಗಿ ಆಗುವ ಡೇಟಾ ಡಿಕ್ಕಿ) ಮತ್ತು ಸಿಆರ್‌ಸಿ ದೋಷಗಳು (ಕೆಟ್ಟು ಬಂದ ಡೇಟಾದ ಲೆಕ್ಕ) ಏರುತ್ತಿರುವುದೇ ಇದರ ಗುರುತು. ಎರಡೂ ಕಡೆ ಆಟೋ ಇಡುವುದೇ ಮೇಲು. ತಾಮ್ರದ ಗಿಗಾಬಿಟ್‌ಗಂತೂ ಅದು ಅನಿವಾರ್ಯ.

ಒಂದೇ ಎಳೆಯ ಫೈಬರ್ ಆದರೆ ಕನ್ವರ್ಟರ್‌ಗಳು ಜೋಡಿಯಾಗಿರಬೇಕು: ಒಂದು 1310 ನ್ಯಾನೋಮೀಟರ್‌ನಲ್ಲಿ ಕಳುಹಿಸಿ 1550ರಲ್ಲಿ ಸ್ವೀಕರಿಸುವುದಾದರೆ, ಮತ್ತೊಂದು ಅದಕ್ಕೆ ತದ್ವಿರುದ್ಧವಾಗಿರಬೇಕು. ಎರಡು ಎಳೆಗಳಿದ್ದರೆ ಟಿಎಕ್ಸ್ (ಕಳುಹಿಸುವ ಕಿಂಡಿ) ಎದುರಿನ ಆರ್‌ಎಕ್ಸ್‌ಗೆ (ಸ್ವೀಕರಿಸುವ ಕಿಂಡಿಗೆ) ಸೇರಬೇಕು, ಅಷ್ಟೇ.

ಹೆಚ್ಚಿನವರು ಗಮನಿಸದ ಸೌಲಭ್ಯವೆಂದರೆ ಲಿಂಕ್ ಫಾಲ್ಟ್ ಪಾಸ್‌ಥ್ರೂ, ಅಂದರೆ ಒಂದು ಬದಿಯ ಲಿಂಕ್ ಕಡಿದಾಗ ಇನ್ನೊಂದು ಬದಿಯ ಲಿಂಕನ್ನೂ ಇಳಿಸುವುದು. ಇದು ಆಫ್ ಆಗಿದ್ದಾಗ ಫೈಬರ್ ತುಂಡಾದರೂ ತಾಮ್ರದ ಲಿಂಕ್ ಹಾಗೆಯೇ ಉಳಿಯುವುದರಿಂದ, ಸ್ವಿಚ್‌ಗೆ ವಿಷಯ ತಕ್ಷಣ ತಿಳಿಯದೆ ಬದಲಿ ಮಾರ್ಗಕ್ಕೆ ಹೊರಳುವುದು ತಡವಾಗಬಹುದು. ಆದರೆ ಅಳವಡಿಸುವ ಹಂತದಲ್ಲೇ ಇದನ್ನು ಆನ್ ಮಾಡಿದರೆ, ಯಾವುದೋ ಒಂದು ಕೇಬಲ್ ಸರಿಯಿಲ್ಲದಿದ್ದರೂ ಎಲ್ಲೆಡೆ ದೀಪ ಆರಿ, ದೋಷ ಎಲ್ಲಿದೆಯೆಂಬುದೇ ತಿಳಿಯುವುದಿಲ್ಲ. ಆದ್ದರಿಂದ ಪ್ರತಿ ಭಾಗವನ್ನೂ ಪರೀಕ್ಷಿಸಿದ ನಂತರ, ಕೊನೆಯಲ್ಲಿ ಆನ್ ಮಾಡಿ. ಅನೇಕ ಮಾದರಿಗಳು ಡಿಪ್ ಸ್ವಿಚ್‌ಗಳ (ಇಂತಹ ಆಯ್ಕೆಗಳನ್ನು ಬದಲಾಯಿಸುವ ಪುಟ್ಟ ಸ್ವಿಚ್‌ಗಳು) ಸ್ಥಿತಿಯನ್ನು ವಿದ್ಯುತ್ ಬಂದಾಗ ಮಾತ್ರ ಓದುತ್ತವೆ. ಬದಲಾಯಿಸಿದ ಮೇಲೆ ಅಡಾಪ್ಟರ್ ಕಿತ್ತು ಮತ್ತೆ ಜೋಡಿಸಿರಿ.